ಎಡತೊಡೆ, ಹದಿನಾರೂವರೆ ಅಂಗುಲ

೧೯೫೬ರ ಫೆಬ್ರವರಿ ತಿಂಗಳ ನನ್ನ ಡೈರಿಯಲ್ಲಿ ಒಂದೇ ವಾರದೊಳಗೆ ಮೂರು ಸಲ ಒಂದೇ ಮಾತು ಇದೆ: ‘ಎಡತೊಡೆ ಭಾರ.’ ಹದಿಮೂರನೇ ತಾರೀಖು, ಹದಿನೈದು, ಹದಿನೆಂಟು. ಬರೆದವನು ನಾನೇ, ತಿರುಗಿ ಓದದವನೂ ನಾನೇ. ಹತ್ತೊಂಬತ್ತನೇ ತಾರೀಖಿನ ಪುಟದಲ್ಲಿ ಏನೂ ಇಲ್ಲ. ಆ ದಿನ ಪೆನ್ನು ಹಿಡಿಯುವ ಸ್ಥಿತಿಯಲ್ಲಿ ನಾನಿರಲಿಲ್ಲ.

ಆಮೇಲಿನ ಮೂರು ವರ್ಷಗಳಲ್ಲಿ ಮಂಡಿ ಕೆಡಿಸಿಕೊಂಡ ಆರು ಮಂದಿ ಆಟಗಾರರು ಗಾವಡಗೆರೆಗೆ ಬಂದು ನಮ್ಮ ಮನೆ ಹುಡುಕಿದ್ದಾರೆ. ಕೆ.ಆರ್. ನಗರದಿಂದ ಇಬ್ಬರು, ಪಿರಿಯಾಪಟ್ಟಣದಿಂದ ಮೂವರು, ಎಚ್.ಡಿ. ಕೋಟೆಯಿಂದ ಒಬ್ಬ. ಜಗಲಿಯ ಮೇಲೆ ಕಾಲು ಚಾಚಿ ಕೂತು ಎಲ್ಲರೂ ಕೇಳಿದ್ದು ಒಂದೇ: ‘ಸರಿಹೋಯ್ತದಾ ಅಣ್ಣ?’ ಗೊತ್ತಿದ್ದಷ್ಟು ಹೇಳಿ ಕಳಿಸಿದ್ದೇನೆ. ಆದರೆ ಆರು ಸಲವೂ ಒಂದು ಸಂಗತಿಯನ್ನು ಬಿಟ್ಟೇ ಹೇಳಿದ್ದೇನೆ. ಇಲ್ಲಿ ಅದನ್ನೂ ಸೇರಿಸಿ ಬರೆಯುತ್ತೇನೆ.

ನಮ್ಮದು ಹೊಗೆಸೊಪ್ಪಿನ ಬೇಸಾಯ. ಊರಾಚೆ ಹೊಲದಲ್ಲಿ ಒಂದು ಬ್ಯಾರನ್ ಇದೆ. ಹಸಿ ಸೊಪ್ಪನ್ನು ಕಡ್ಡಿಗಳಿಗೆ ಕಟ್ಟಿ, ನೇತುಹಾಕಿ, ಕೆಳಗಿನ ಕೊಳವೆಗಳಿಗೆ ಬೆಂಕಿ ಕೊಟ್ಟು ಹದಮಾಡುವ, ಕಿಟಕಿಯಿಲ್ಲದ ಎತ್ತರದ ಮನೆ ಅದು. ಒಳಗೆ ಗೋಡೆಯಿಂದ ಗೋಡೆಗೆ ಅಡ್ಡಮರಗಳು, ಒಂದರ ಮೇಲೊಂದು ಆರು ಸಾಲು. ತುಂಬುವ ದಿನ ಆಳುಗಳು ಆ ಅಡ್ಡಮರಗಳ ಮೇಲೆ ಕಾಲಗಲಿಸಿ, ಒಬ್ಬನ ತಲೆಯ ಮೇಲೊಬ್ಬ ನಿಲ್ಲುತ್ತಾರೆ. ನೆಲದಿಂದ ಎತ್ತಿಕೊಟ್ಟ ಕಡ್ಡಿ ಕೈಯಿಂದ ಕೈಗೆ ಏರಿ ತುದಿಯವನನ್ನು ಸೇರುತ್ತದೆ. ತುದಿಯವನು ಬಗ್ಗಿ ಕಡ್ಡಿ ತೆಗೆದುಕೊಳ್ಳಬೇಕು, ಸೊಂಟ ತಿರುಗಿಸಬೇಕು, ಸಾಲಿಗಿಡಬೇಕು. ಎರಡೂ ಕೈ ಕಡ್ಡಿಯ ಮೇಲೆ ಇರುವುದರಿಂದ ಅವನನ್ನು ಹಿಡಿದು ನಿಲ್ಲಿಸಿರುವುದು ತೊಡೆಗಳು ಮಾತ್ರ. ಅವನು ಬಿದ್ದರೆ ತಾನೊಬ್ಬನೇ ಬೀಳುವುದಿಲ್ಲ. ಹಿಂದಿನ ವರ್ಷ ಪಿರಿಯಾಪಟ್ಟಣದ ದಾರಿಯಲ್ಲಿ ಒಬ್ಬರ ಬ್ಯಾರನ್ನಿನಲ್ಲಿ ತುದಿಯವನು ಜಾರಿ ಕೆಳಗಿನ ಇಬ್ಬರನ್ನೂ ಕೆಡವಿದ್ದ. ಅವರಲ್ಲಿ ಒಬ್ಬನಿಗೆ ಬೆನ್ನು ಮುರಿದು ಇನ್ನೂ ಮಲಗಿದಲ್ಲೇ ಇದ್ದ.

ನಮ್ಮ ಬ್ಯಾರನ್ನಿನ ತುದಿ ನನ್ನದು. ಅದಕ್ಕೂ ಮೊದಲು ಅಪ್ಪನದಾಗಿತ್ತು. ನಾನು ಉದ್ದಗಾಲಿನವನು, ಬ್ಯಾಡ್ಮಿಂಟನ್ ಆಡಿ ಪಳಗಿದ ಕಾಲು ಬೇರೆ. ಹದಿನೆಂಟು ತುಂಬಿದ ವರ್ಷ ಅಪ್ಪ ನನ್ನನ್ನು ಮೇಲಕ್ಕೆ ಕಳಿಸಿ, ತಾವು ನೆಲಕ್ಕೆ ಬಂದು ನಿಂತರು. ಅವರಿಗೆ ಐವತ್ತು ದಾಟಿತ್ತು.

ಆಟ ಎಂದರೆ ನಮ್ಮ ಕಡೆ ಆಡುವ, ಉಲ್ಲನ್ ಚೆಂಡಿನ, ಐದೈದು ಜನರ ಬ್ಯಾಡ್ಮಿಂಟನ್. ಆ ಭಾನುವಾರ, ಫೆಬ್ರವರಿ ಹತ್ತೊಂಬತ್ತಕ್ಕೆ, ಹುಣಸೂರಿನಲ್ಲಿ ಮಿರ್ಲೆ ತಂಡದ ಮೇಲೆ ಪಂದ್ಯ. ನಾನು ಹಿಂದಿನ ಸಾಲಿನ ಎಡಮೂಲೆಯಲ್ಲಿದ್ದೆ. ಬೆಳಿಗ್ಗೆಯಷ್ಟೇ ಅಂಕಣಕ್ಕೆ ಸಗಣಿ ಸಾರಿಸಿದ್ದರು, ಮೂಲೆಗಳು ಇನ್ನೂ ಆರಿರಲಿಲ್ಲ. ಮೂರನೇ ಆಟ, ನಾವು ಇಪ್ಪತ್ತೊಂದು, ಅವರು ಹತ್ತೊಂಬತ್ತು. ತಲೆಯ ಮೇಲಿಂದ ಹಿಂದಕ್ಕೆ ಬಂದ ಚೆಂಡಿಗೆ ಎಗರಿ ಹೊಡೆದು, ಎಡಗಾಲಿನ ಮೇಲೆ ಇಳಿದೆ. ಪಾದ ಅಂಟಿಕೊಂಡಿತು, ಮೈ ತಿರುಗಿತು. ಮಂಡಿಯೊಳಗೆ ಹಸಿ ಹುರುಳಿಕಾಯಿ ಮುರಿದಂಥ ಸದ್ದಾಯಿತು. ಪಕ್ಕದಲ್ಲಿದ್ದ ಚೆಲುವನಿಗೂ ಅದು ಕೇಳಿಸಿತಂತೆ.

ಚೆಲುವ ನನ್ನ ಗೆಳೆಯ, ಊರಿನ ದರ್ಜಿ. ಸೊಪ್ಪಿನ ಕಾಲಕ್ಕೆ ಹೊಲಿಗೆ ಬಿಟ್ಟು ನಮ್ಮ ಬ್ಯಾರನ್ನಿಗೆ ಬರುತ್ತಾನೆ, ನನ್ನ ಕೆಳಗಿನ ಸಾಲಿನಲ್ಲಿ ನಿಲ್ಲುತ್ತಾನೆ. ಅವತ್ತು ಗಾಡಿಯಲ್ಲಿ ನನ್ನನ್ನು ಮಲಗಿಸಿಕೊಂಡು ಬರುವಾಗ ದಾರಿಯುದ್ದಕ್ಕೂ ಬೈದ: ‘ಆ ಚೆಂಡು ಬುಟ್ಟಿದ್ರೆ ನಿಮ್ಮಪ್ಪನ ಗಂಟೇನು ಓಗ್ತಿತ್ಲಾ? ಒಂದು ಪಾಯಿಂಟು ಕಣೋ, ಒಂದೇ ಒಂದು!’ ಬೈಯುತ್ತಲೇ ಟವೆಲಿನಿಂದ ನನ್ನ ಹಣೆ ಒರೆಸುತ್ತಿದ್ದ.

ಮರುದಿನ ಭೇರ್ಯದ ಕಡೆಯಿಂದ ಮೂಳೆ ಕಟ್ಟುವ ಹಿರಿಯರೊಬ್ಬರನ್ನು ಕರೆಸಿದರು. ಮಂಡಿ ಕುಂಬಳಕಾಯಿಯಾಗಿತ್ತು. ಅವರು ಕಣ್ಣು ಮುಚ್ಚಿ ಬೆರಳಾಡಿಸಿ, ‘ಮೂಳೆ ಮುರ್ದಿಲ್ಲ, ಜಾಗ ತಪ್ಪೈತೆ’ ಎಂದು ಮೊಟ್ಟೆ, ಉದ್ದಿನ ಹಿಟ್ಟು, ಬಿದಿರಿನ ದಬ್ಬೆ ಕೇಳಿದರು. ಮೊಟ್ಟೆ ಎಂದಕೂಡಲೇ ಒಳಗಿನಿಂದ ಅಜ್ಜಿಯ ದನಿ ಬಂತು.

‘ಲಿಂಗ ಕಟ್ಟಿದ ಮೈಗೆ ಮೊಟ್ಟೆ ಸವರಕ್ಕೆ ಬಂದಿದ್ದೀಯೇನಯ್ಯ? ನಾನು ಸತ್ತಮ್ಯಾಲೆ ಸವರು.’

‘ತಿನ್ನು ಅಂದ್ನಾ ತಾಯಿ? ಕಾಲಿಗೆ ಹಚ್ತೀನಿ ಅಂದೆ.’

‘ಕಾಲೇನು ಪಕ್ಕದ್ಮನೇದಾ?’

ಕೊನೆಗೆ ಮೊಟ್ಟೆಯ ಬದಲು ಬೇಲದ ಮರದ ಅಂಟು ಕಲಸಿದರು. ತೊಡೆಯ ಮಧ್ಯದಿಂದ ಮೀನಖಂಡದವರೆಗೆ ಕಟ್ಟು ಬಿತ್ತು. ಅಂಟು ಆರಿದ ಮೇಲೆ ಅದು ಕಲ್ಲಾಯಿತು. ‘ಇಪ್ಪತ್ತೊಂದು ದಿನಕ್ಕೆ ನಾನೇ ಬಂದು ಬಿಚ್ತೀನಿ’ ಎಂದು ಹಿರಿಯರು ಹೊರಟರು.

ಮಾತಿನಂತೆ ಮಾರ್ಚ್ ಹನ್ನೊಂದಕ್ಕೆ ಬಂದರು. ಅಷ್ಟರಲ್ಲಿ ಅಜ್ಜಿ ದೇವರ ಮುಂದೆ ಹರಸಿಕೊಂಡಾಗಿತ್ತು: ಕಟ್ಟು ಬಿಚ್ಚುವುದು ಒಂದು ಮಂಡಲ, ಅಂದರೆ ನಲವತ್ತೆಂಟು ದಿನ, ತುಂಬಿದ ಮೇಲೆಯೇ. ನಮ್ಮಲ್ಲಿ ಕಷಾಯವಾದರೂ ಮಂಡಲ, ವ್ರತವಾದರೂ ಮಂಡಲ. ಹಿರಿಯರು ತಲೆ ಕೆರೆದುಕೊಂಡು, ‘ಅಷ್ಟು ದಿನ ಬ್ಯಾಡಿ, ಕಾಲು ಜಡವಾಯ್ತದೆ’ ಎಂದರು. ಅಪ್ಪ ನನ್ನ ಮುಖ ನೋಡಿದರು.

ತೀರ್ಮಾನ ನನ್ನದಾಗಿತ್ತು. ಡೈರಿಯ ಹಿಂದಿನ ಪುಟದಲ್ಲಿ ನಾನು ನಲವತ್ತೆಂಟು ಚೌಕ ಗೀಚಿ, ದಿನಕ್ಕೊಂದು ತುಂಬುತ್ತಿದ್ದೆ. ಕಾಲು ಅಲುಗಿಸದ ದಿನಕ್ಕೆ ಪೂರ್ತಿ ಚೌಕ, ಒಂದು ಸಲ ಅಲುಗಿದರೆ ಅರ್ಧ. ಇಪ್ಪತ್ತೊಂದರಲ್ಲಿ ಇಪ್ಪತ್ತು ಪೂರ್ತಿಯಾಗಿದ್ದವು. ಇಪ್ಪತ್ತೊಂದು ದಿನ ಒಳ್ಳೆಯದು ಮಾಡಿದ್ದರೆ ನಲವತ್ತೆಂಟು ಅದರ ಎರಡರಷ್ಟು ಮಾಡುತ್ತದೆ ಎಂದು ಲೆಕ್ಕ ಹಾಕಿ, ‘ಮಂಡಲ ತುಂಬಲಿ’ ಎಂದೆ. ಅಜ್ಜಿಗೆ ಕಣ್ಣೀರು ಬಂತು. ಹಿರಿಯರು ಕೈ ತೊಳೆದುಕೊಂಡು, ಮಜ್ಜಿಗೆ ಕುಡಿದು ಹೋದರು. ಈ ಕಥೆಯಲ್ಲಿ ಅವರ ತಪ್ಪು ಎಲ್ಲಿಯೂ ಇಲ್ಲ.

ಏಪ್ರಿಲ್ ಎಂಟು, ಭಾನುವಾರ, ಚೆಲುವ ಕತ್ತರಿ ತಂದು ಕಟ್ಟು ಕತ್ತರಿಸಿದ. ಅಂಟಿನ ಜೊತೆ ಕೂದಲೂ ಎದ್ದು ಬಂತು. ಊತ ಇಳಿದಿತ್ತು, ನೋವಿರಲಿಲ್ಲ. ಅಜ್ಜಿ ಕೈ ಮುಗಿದಳು. ಆದರೆ ಅವ್ವ ನನ್ನ ತೊಡೆಯನ್ನೇ ನೋಡುತ್ತಿದ್ದಳು. ಆಮೇಲೆ ನಾನೂ ನೋಡಿದೆ. ಎಡತೊಡೆ ನನ್ನದಾಗಿರಲಿಲ್ಲ. ಮಂಡಿಯ ಮೇಲೆ, ಒಳಬದಿಗೆ ಇರಬೇಕಾದ ದುಂಡು ಮಾಂಸದ ಜಾಗದಲ್ಲಿ ಗುಳಿ ಬಿದ್ದಿತ್ತು. ಬಿಗಿಮಾಡಲು ಯತ್ನಿಸಿದೆ. ಬಲಗಾಲು ಬಿಗಿಯಾಯಿತು, ಎಡಗಾಲು ಸುಮ್ಮನಿತ್ತು. ಕರೆದರೆ ಓಗೊಡದ ಮನೆಯ ಮುಂದೆ ನಿಂತಂತಾಯಿತು.

ಚೆಲುವ ಕೊರಳಲ್ಲಿದ್ದ ಟೇಪು ತೆಗೆದು, ಮಂಡಿಚಿಪ್ಪಿನಿಂದ ಒಂದು ಗೇಣು ಮೇಲೆ ಅಳೆದ. ಬಲ ಹದಿನೇಳೂವರೆ ಅಂಗುಲ. ಎಡ ಹದಿನಾಲ್ಕೂಮುಕ್ಕಾಲು.

‘ಒಬ್ಬನೇ ಮನುಷ್ಯಂಗೆ ಎರಡು ಚಡ್ಡಿ ಒಲೀಬೇಕಲ್ಲೋ’ ಎಂದು ನಗಿಸಲು ನೋಡಿದ.

ಆ ದಿನದಿಂದ ಹದಿನೇಳು ದಿನಗಳಲ್ಲಿ ಮಂಡಿ ಒಂಬತ್ತು ಸಲ ಕೈಕೊಟ್ಟಿತು. ಹೊಸಿಲಲ್ಲಿ ಎರಡು ಸಲ, ಬಾವಿಯ ಮೆಟ್ಟಿಲಲ್ಲಿ ಮೂರು, ಸುಮ್ಮನೆ ನಿಂತು ತಿರುಗಿ ಮಾತಾಡಿದಾಗ ನಾಲ್ಕು. ನೋವಿಗಿಂತ ಹೆಚ್ಚು ಹೆದರಿಸಿದ್ದು, ಅದು ಮುಂಚೆ ಏನೂ ಹೇಳುವುದಿಲ್ಲ ಎಂಬುದು. ನಡೆಯುತ್ತಿರುತ್ತೇನೆ, ಕಾಲು ಇರುತ್ತದೆ. ಮರುಕ್ಷಣ ಮೇಲಿನ ಮೂಳೆ ಒಂದು ಕಡೆ, ಕೆಳಗಿನದು ಇನ್ನೊಂದು ಕಡೆ ಹೋಗಿ, ನೆಲ ಮುಖದ ಹತ್ತಿರ ಇರುತ್ತದೆ. ಅಂಗಳ ದಾಟುವ ಮೊದಲು ಹಿಡಿದುಕೊಳ್ಳಲು ಎಲ್ಲೆಲ್ಲಿ ಏನೇನಿದೆ ಎಂದು ನೋಡಿಕೊಳ್ಳುವ ಅಭ್ಯಾಸವಾಯಿತು. ಹೊಲದ ಕಡೆ ನೋಡಿದರೆ ಬ್ಯಾರನ್ನಿನ ತಲೆ ಮರಗಳ ಮೇಲೆ ಕಾಣುತ್ತಿತ್ತು. ನಾನು ಆ ಕಡೆ ನೋಡುವುದನ್ನು ಬಿಟ್ಟೆ.

ಒಂಬತ್ತನೇ ಸಲ ಬಿದ್ದಾಗ ಅಪ್ಪ ಎತ್ತಿ ಕೂರಿಸಿದರು. ‘ಸೊಪ್ಪಿನ ಒತ್ಗೆ ಆಗ್ದಿದ್ರೆ ಬುಡು. ನಾನೇ ಅತ್ತೀನಿ’ ಎಂದರು.

‘ಕೂಲಿಗೆ ಯಾರನ್ನಾದರೂ ಕರೀಬಹುದಲ್ಲ?’ ಎಂದೆ.

‘ಎಲ್ಲಾರ ಬ್ಯಾರನ್ನೂ ಒಂದೇ ವಾರ ತುಂಬೋದು. ತುದೀಲಿ ನಿಲ್ಲೋನು ಯಾರು ಖಾಲಿ ಸಿಕ್ತಾನೆ ಮಗ? ಚೆಲುವಂಗೆ ತುದಿ ಅಭ್ಯಾಸ ಇಲ್ಲ.’ ಎಂದು ಎದ್ದರು. ಏಳುವಾಗ ಗೋಡೆಗೆ ಕೈ ಊರಿದರು. ಅದನ್ನು ನಾನು ಡೈರಿಯಲ್ಲಿ ಬರೆದಿದ್ದೇನೆ.

ಏಪ್ರಿಲ್ ಇಪ್ಪತ್ತಾರು, ಹುಣಸೂರಿನ ಆಸ್ಪತ್ರೆ. ಜಗಲಿಯ ಬೆಂಚಿನ ಮೇಲೆ ಮೂರು ಗಂಟೆ ಕಾದೆವು, ನಾನು ಮತ್ತು ಅವ್ವ. ಎಡಕ್ಕೆ ಕಿವಿ ಸೋರುವ ಮಗುವನ್ನು ಹಿಡಿದ ತಾಯಿ. ಬಲಕ್ಕೆ ಮರದ ಡಿಪೋದಲ್ಲಿ ದಿಮ್ಮಿ ಉರುಳಿ ಪಾದ ಕಳೆದುಕೊಂಡವರೊಬ್ಬರು, ಗಾಯ ತೊಳೆಸಲು ಬಂದಿದ್ದವರು. ಅವರು ನನ್ನ ಕಾಲನ್ನು ದಿಟ್ಟಿಸಿ, ‘ಯಾವ ಮರ ಬಿತ್ತು? ಮತ್ತಿನಾ, ತೇಗನಾ?’ ಎಂದರು.

‘ಮರ ಅಲ್ಲ. ಬ್ಯಾಡ್ಮಿಂಟನ್.’

‘ಆಟ್ದಲ್ಲಾ?’ ಅವರು ಎಷ್ಟು ಜೋರಾಗಿ ನಕ್ಕರೆಂದರೆ ಮಗು ಅಳು ನಿಲ್ಲಿಸಿತು. ‘ನಮ್ಗೆ ದಿಮ್ಮಿನಾದ್ರೂ ಬಿತ್ತು ಕಣ್ರೀ, ಇವುರ್ಗೆ ಉಲ್ಲನ್ ಬಿದ್ದದೆ!’ ಎಂದು ಇಡೀ ಜಗಲಿಗೆ ಸಾರಿದರು. ಅವ್ವನೂ ಸೆರಗು ಬಾಯಿಗೊತ್ತಿಕೊಂಡಳು. ಎರಡು ತಿಂಗಳಲ್ಲಿ ಅವಳು ನಕ್ಕಿದ್ದು ಅದೇ ಮೊದಲು. ನಮ್ಮ ಸರದಿ ಬಂದಾಗ ಆ ಮನುಷ್ಯ ತಮ್ಮ ಊರುಗೋಲನ್ನು ನನ್ನ ಕಡೆ ಚಾಚಿ, ‘ಒಳೀಕೆ ಓಗೋಗಂಟ ಇಟ್ಕೊಳಿ’ ಎಂದರು.

ಡಾಕ್ಟರು ಕೊಡಗಿನವರು, ಯುದ್ಧದ ಕಾಲದಲ್ಲಿ ಸೈನ್ಯದ ಆಸ್ಪತ್ರೆಯಲ್ಲಿದ್ದು ಬಂದವರು. ಮಂಡಿಯನ್ನು ಬಗ್ಗಿಸಿ, ಮೀನಖಂಡ ಹಿಡಿದು ಮುಂದಕ್ಕೆಳೆದರು. ಕಾಲು ಮೇಜಿನ ಖಾನೆಯಂತೆ ಮುಂದಕ್ಕೆ ಬಂತು. ಅವ್ವ ಮುಖ ತಿರುಗಿಸಿದಳು.

‘ಒಳಗೆ ಒಂದು ಕಟ್ಟು ಹರಿದಿದೆ. ಅದು ಇನ್ನು ಕೂಡುವುದಿಲ್ಲ’ ಎಂದರು. ಹವಾಮಾನ ಹೇಳುವಷ್ಟೇ ಸಲೀಸಾಗಿ ಹೇಳಿದರು. ‘ಆದರೆ ನಿನ್ನನ್ನು ಬೀಳಿಸುತ್ತಿರುವುದು ಅದೊಂದೇ ಅಲ್ಲ. ಹರಿದ ಮಂಡಿಯನ್ನು ಹಿಡಿದುಕೊಳ್ಳಬೇಕಾದದ್ದು ತೊಡೆ. ಅದನ್ನು ನೀವೆಲ್ಲ ಸೇರಿ ಮಲಗಿಸಿಬಿಟ್ಟಿದ್ದೀರಿ. ಎಷ್ಟು ದಿನ ಕಟ್ಟಿದ್ದಿರಿ?’

‘ನಲವತ್ತೆಂಟು.’

‘ಯಾರು ಹೇಳಿದ್ದು?’

ಅವ್ವ ಬಾಯಿ ತೆರೆಯುವ ಮೊದಲೇ, ‘ನಾನೇ’ ಎಂದೆ.

ಅವರು ನನ್ನ ಅಂಗೈಯನ್ನು ನನ್ನ ತೊಡೆಯ ಮೇಲಿಟ್ಟು, ‘ಮಂಡಿಯನ್ನು ಹಾಸಿಗೆಗೆ ಒತ್ತು. ಕೈಗೆ ಏನಾದರೂ ಸಿಗುವವರೆಗೂ ಒತ್ತು’ ಎಂದರು. ಹನ್ನೊಂದನೇ ಸಲಕ್ಕೆ, ಚರ್ಮದಡಿ ಇರುವೆ ಹರಿದಂತೆ ಏನೋ ಒಂದು ಮಿಸುಕಿತು. ‘ಅದೇ. ಹತ್ತು ಎಣಿಸುವಷ್ಟು ಹೊತ್ತು ಅದನ್ನು ಹಿಡಿ, ಬಿಡು. ದಿನಕ್ಕೆ ಮುನ್ನೂರು. ಹದಿನೈದು ದಿನದ ಮೇಲೆ ಪಾದಕ್ಕೆ ಒಂದು ಸೇರು ರಾಗಿ ಕಟ್ಟಿಕೊಂಡು ಎತ್ತು.’

ಬ್ಯಾರನ್ ವಿಷಯ ಕೇಳಿದೆ. ಅವರು ಬರೆಯುವುದನ್ನು ನಿಲ್ಲಿಸಿದರು. ‘ಎರಡು ತೊಡೆಗೂ ಅರ್ಧ ಅಂಗುಲಕ್ಕಿಂತ ಹೆಚ್ಚು ವ್ಯತ್ಯಾಸ ಇರುವವರೆಗೆ ಹತ್ತಬೇಡ. ನೀನು ಬೀಳುವುದಲ್ಲ, ಕೆಳಗಿರುವವನನ್ನು ನೆನೆಸಿಕೋ.’

ಮನೆಗೆ ಬಂದು ಡೈರಿಯಲ್ಲಿ ದೊಡ್ಡದಾಗಿ ಬರೆದೆ: ಅರ್ಧ ಅಂಗುಲ. ಓದಿ ಅಪ್ಪನಿಗೂ ಹೇಳಿದೆ. ಅವರು ‘ಸರಿ’ ಎಂದರು. ಆ ತಿಂಗಳುಗಳು ಹೇಗೆ ಕಳೆದವು ಎಂದು ವಿವರಿಸುವುದು ಕಷ್ಟ, ಒಂದು ದಿನ ಇನ್ನೊಂದರಂತೆಯೇ ಇತ್ತು. ಬೆಳಿಗ್ಗೆ ನೂರು, ಮಧ್ಯಾಹ್ನ ನೂರು, ಸಂಜೆ ನೂರು. ಒಂದು ಸೇರು ರಾಗಿ, ಎರಡು ಸೇರು, ಮೂರು. ಅಜ್ಜಿ ಪಕ್ಕದಲ್ಲಿ ಕೂತು ಎಣಿಸುತ್ತಿದ್ದಳು, ಇಪ್ಪತ್ತಾದ ಮೇಲೆ ತಪ್ಪುತ್ತಿದ್ದಳು, ಮತ್ತೆ ಒಂದರಿಂದ ಶುರುಮಾಡುತ್ತಿದ್ದಳು. ಮಂಡಲದ ಮಾತನ್ನು ಅವಳೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಪ್ರತಿ ಭಾನುವಾರ ಚೆಲುವ ಅಳೆಯುತ್ತಿದ್ದ. ಮೇ ಕೊನೆಗೆ ಹದಿನೈದೂಕಾಲು. ಜೂನ್ ಕೊನೆಗೆ ಹದಿನಾರು. ಬೀಳುವುದು ವಾರಕ್ಕೆ ಎರಡಾಯಿತು, ತಿಂಗಳಿಗೆ ಒಂದಾಯಿತು. ಆಮೇಲೆ ಟೇಪು ನಿಂತುಬಿಟ್ಟಿತು. ಜುಲೈ ಇಡೀ ಹದಿನಾರೂವರೆ.

ಹೊಲದಲ್ಲಿ ಕೆಳಗಿನ ಎಲೆಗಳು ಹಳದಿಗೆ ತಿರುಗುತ್ತಿದ್ದವು. ಅಪ್ಪ ಬ್ಯಾರನ್ನಿನ ಅಡ್ಡಮರಗಳನ್ನು ಒಂದೊಂದಾಗಿ ತಟ್ಟಿ ನೋಡಿ ಬಂದರು. ಅವತ್ತು ಊಟದಲ್ಲಿ ಅರ್ಧ ಮುದ್ದೆ ಬಿಟ್ಟೆದ್ದರು.

ಆಗಸ್ಟ್ ಹದಿನಾಲ್ಕು, ಮಂಗಳವಾರ, ಮೊದಲ ಬ್ಯಾರನ್ ತುಂಬುವ ದಿನ. ಬೆಳಿಗ್ಗೆ ಚೆಲುವನ ಹಳೆಯ ಟೇಪಿನಿಂದ ನಾನೇ ಅಳೆದುಕೊಂಡೆ. ಬಲ ಹದಿನೇಳೂವರೆ, ಎಡ ಹದಿನಾರೂವರೆ. ಮತ್ತೆ ಅಳೆದೆ, ಸ್ವಲ್ಪ ಸಡಿಲ ಹಿಡಿದು ಅಳೆದೆ. ಅಷ್ಟೇ. ಹೊರಗೆ ಅಪ್ಪ ಪಂಚೆ ಮೇಲೆ ಕಟ್ಟಿ, ಕಾಲಿಗೆ ಹರಳೆಣ್ಣೆ ತಿಕ್ಕಿಕೊಳ್ಳುತ್ತಿದ್ದರು. ಅವರು ಹತ್ತಲು ಸಿದ್ಧವಾಗುತ್ತಿದ್ದರು.

ನಾನು ಪೆನ್ನು ತೆಗೆದು ‘ಎಡ: ಹದಿನೇಳು’ ಎಂದು ಬರೆದೆ. ಎಂಟು ವರ್ಷದ ಡೈರಿಯಲ್ಲಿ ನಾನು ಬರೆದ ಮೊದಲ ಸುಳ್ಳು ಅದು. ಜಗಲಿಗೆ ಬಂದು ಪುಟ ತೋರಿಸಿದೆ. ‘ಅರ್ಧ ಅಂಗುಲಕ್ಕೆ ಬಂತು ಅಪ್ಪ. ನಾನೇ ಹತ್ತುತ್ತೇನೆ.’ ಅವರ ಮುಖದ ಬಿಗಿ ಕರಗಿದ್ದು ಕಣ್ಣಿಗೆ ಕಾಣುವಂತಿತ್ತು. ಆರು ಮಂದಿಗೂ ನಾನು ಹೇಳದೆ ಬಿಟ್ಟಿದ್ದು ಇದನ್ನೇ.

ಅರವತ್ತು ಕಡ್ಡಿಗಳವರೆಗೆ ಕಾಲು ನಿಂತಿತು. ಎಣಿಸುತ್ತಲೇ ಇದ್ದೆ. ನೂರು ದಾಟಿದ ಮೇಲೆ ಎಡತೊಡೆ ಮರದಂತಾಯಿತು, ಆಮೇಲೆ ಅಲ್ಲಿ ಏನೂ ಇಲ್ಲದಂತಾಯಿತು. ನಿಲ್ಲಿಸಿ ಎನ್ನಬೇಕೆಂದುಕೊಂಡೆ. ನೂರ ಹನ್ನೆರಡನೇ ಕಡ್ಡಿಗೆ ಬಗ್ಗಿ, ಎತ್ತಿ, ಸೊಂಟ ತಿರುಗಿಸಿದೆ. ಮಂಡಿ ಹೋಯಿತು.

ಕಡ್ಡಿ ಕೆಳಗಿನ ಇಬ್ಬರನ್ನೂ ಸವರಿಕೊಂಡು ನೆಲಕ್ಕೆ ಬಿತ್ತು. ನಾನು ಮುಂದಿನ ಅಡ್ಡಮರಕ್ಕೆ ಕಂಕುಳು ಸಿಕ್ಕಿ ಜೋತುಬಿದ್ದೆ. ಕೆಳಗಿದ್ದ ಚೆಲುವ ಒಂದು ಕೈಯಲ್ಲಿ ಮರ ತಬ್ಬಿ, ಹೆಗಲನ್ನು ನನ್ನ ಪಾದದಡಿ ಕೊಟ್ಟ. ಅವನ ಕಾಲು ಜಾರಿದ್ದರೆ ಇಬ್ಬರೂ ಅವನ ಕೆಳಗಿನ ಆಳಿನ ಮೇಲೆ ಬೀಳುತ್ತಿದ್ದೆವು. ‘ಅಲುಗಾಡ್ಬ್ಯಾಡ ಕಣ್ಲಾ, ಅಲುಗಾಡ್ಬ್ಯಾಡ’ ಎಂದಷ್ಟೇ ಹೇಳುತ್ತಿದ್ದ. ನನ್ನನ್ನು ಇಳಿಸಲು ಎಷ್ಟು ಹೊತ್ತಾಯಿತೋ, ಅದೊಂದು ಲೆಕ್ಕ ನನ್ನಲ್ಲಿಲ್ಲ.

ನೆಲದ ಮೇಲೆ ಚೆಲುವ ನನ್ನ ಎಡತೊಡೆಗೆ ಟೇಪು ಸುತ್ತಿದ. ನೋಡಿ, ಅಪ್ಪನ ಮುಖ ನೋಡಿದ.

‘ಎಷ್ಟೈತೆ?’ ಎಂದರು ಅಪ್ಪ.

‘ಅದಿನಾರೂವರೆ.’

‘ಬರ್ದಿದ್ದು?’ ಈ ಮಾತು ನನಗೆ.

‘ಹದಿನೇಳು.’

ಹೊಡೆಯುತ್ತಾರೆ ಎಂದುಕೊಂಡೆ. ಹೊಡೆದಿದ್ದರೆ ಚೆನ್ನಾಗಿತ್ತು. ಚೆಲುವ ಹೆಗಲು ಉಜ್ಜಿಕೊಳ್ಳುತ್ತಾ, ‘ನನ್ನ ಕೆಳುಗ್ ನಿಲ್ಲುಸ್ಕೊಂಡು ಬರ್ದಲ್ಲೋ’ ಎಂದ. ಬೈಗುಳ ಸೇರಿಸಲಿಲ್ಲ. ಅಪ್ಪ ಏಣಿ ಹಿಡಿದು ಮೇಲಕ್ಕೆ ಹೋದರು, ತುದಿಯಲ್ಲಿ ಕಾಲಗಲಿಸಿ ನಿಂತು, ‘ಕೊಡ್ರಲಾ’ ಎಂದು ಕೂಗಿದರು. ಸೊಪ್ಪು ಕಿತ್ತಾಗಿತ್ತು, ಬಿಟ್ಟರೆ ಕೊಳೆಯುತ್ತದೆ. ಚೆಲುವನೂ ಆಳೂ ತಮ್ಮ ತಮ್ಮ ಜಾಗಕ್ಕೆ ಹತ್ತಿದರು. ನೆಲದಿಂದ ಕಡ್ಡಿ ಎತ್ತಿಕೊಡುವ ಕೆಲಸ ನನ್ನದಾಯಿತು.

ಒಂದೊಂದು ಕಡ್ಡಿ ಕೊಟ್ಟಾಗಲೂ ಮೇಲೆ ನೋಡುತ್ತಿದ್ದೆ. ಬಾಗಿಲಿನಿಂದ ಬರುವ ಬೆಳಕು ಅಪ್ಪನ ಕಾಲುಗಳವರೆಗೆ ಮಾತ್ರ ಏರುತ್ತಿತ್ತು. ಮೂರೂವರೆ ತಿಂಗಳು ದಿನಕ್ಕೆ ಮುನ್ನೂರು ಸಲ ನನ್ನ ತೊಡೆಯನ್ನು ನೋಡಿದವನು ನಾನು. ಮಂಡಿಯ ಮೇಲಿನ ಮಾಂಸ ಕೆಲಸ ಮಾಡುವಾಗ ಹೇಗಿರುತ್ತದೆ, ಸೋಲುವ ಮೊದಲು ಹೇಗಿರುತ್ತದೆ ಎಂದು ನನಗೆ ಗೊತ್ತಿತ್ತು. ಇಪ್ಪತ್ತನೇ ಕಡ್ಡಿಯ ಹೊತ್ತಿಗೆ ಅಪ್ಪನ ಬಲತೊಡೆಯಲ್ಲಿ, ಹರಳೆಣ್ಣೆ ಮಿನುಗುವ ಚರ್ಮದಡಿ, ಅದು ಸಣ್ಣಗೆ ಅದುರಲು ಶುರುವಾಯಿತು. ಅವರು ಸೊಂಟ ತಿರುಗಿಸಿದಾಗ ನಿಲ್ಲುತ್ತಿತ್ತು, ಬಗ್ಗಿದಾಗ ಮತ್ತೆ ಬರುತ್ತಿತ್ತು. ಕೆಳಗೆ ಚೆಲುವನ ತಲೆ.

ಕೈಯಲ್ಲಿದ್ದ ಕಡ್ಡಿಯನ್ನು ಗೋಡೆಗೆ ಒರಗಿಸಿದೆ. ‘ಅಪ್ಪ, ಇಳೀರಿ.’

‘ಯಾಕ್ಲಾ? ಕೊಡು.’

‘ನಿಮ್ಮ ಬಲಗಾಲು ಸೋಲ್ತಾ ಇದೆ. ಇಳೀರಿ.’

‘ನಿನ್ನ ಕಾಲು ನೋಡ್ಕೊಳಲಾ ಮೊದ್ಲು!’ ಎಂದರು. ಆಳು ನಕ್ಕ. ನಾನು ಕಡ್ಡಿ ಮುಟ್ಟಲಿಲ್ಲ. ‘ನೀವು ಇಳಿಯೋವರೆಗೂ ಕಡ್ಡಿ ಕೊಡುವುದಿಲ್ಲ’ ಎಂದೆ. ಅಪ್ಪನಿಗೆ ನಾನು ಎದುರಾಡಿದ್ದು ಅದೇ ಮೊದಲು. ಮೇಲೆ ಆ ಅದುರು ನಿಂತಿರಲಿಲ್ಲ, ಈಗ ಎರಡೂ ಕಾಲಿಗೆ ಬಂದಿತ್ತು. ಚೆಲುವ ತಲೆಯೆತ್ತಿ ನೋಡಿ, ಅದು ಅವನಿಗೂ ಕಂಡು, ‘ಯಜಮಾನ್ರೇ, ಇಳ್ಕೊಳಿ’ ಎಂದು ಮೆಲ್ಲಗೆ ಹೇಳಿದ.

ಅಪ್ಪ ಇಳಿದರು. ಪ್ರತಿ ಅಡ್ಡಮರಕ್ಕೂ ನಿಂತು ನಿಂತು ಇಳಿದರು. ನೆಲ ಮುಟ್ಟಿದ ಮೇಲೆ ಸೊಪ್ಪಿನ ರಾಶಿಯ ಪಕ್ಕ ಕುಸಿದು ಕೂತರು. ನಾನು ಅವರ ತೊಡೆಯ ಮೇಲೆ ಅಂಗೈ ಇಟ್ಟೆ. ಹಿಡಿದ ಗುಬ್ಬಿಯ ಎದೆಯಂತೆ ಬಡಿಯುತ್ತಿತ್ತು. ಅವರು ನನ್ನ ಕೈ ತೆಗೆಯಲಿಲ್ಲ.

‘ಮೂರ್ ವರ್ಸದಿಂದ ಇಂಗೇ ಕಣ್ಲಾ’ ಎಂದರು, ನನಗೊಬ್ಬನಿಗೇ ಕೇಳುವಂತೆ. ‘ಅದುಕ್ಕೇ ನಿನ್ನ ಮ್ಯಾಕ್ಕೆ ಕಳಿಸಿದ್ದು.’

ಸ್ವಲ್ಪ ಹೊತ್ತಿನ ಮೇಲೆ ಎದ್ದು, ಮೇಲಿನ ಎರಡು ಸಾಲಿನಲ್ಲಿ ಉಳಿದ ಜಾಗವನ್ನು ಖಾಲಿ ಬಿಡಲು ಹೇಳಿದರು. ಉಳಿದ ಸೊಪ್ಪನ್ನು ಪಕ್ಕದ ಹೊಲದವರ ಬ್ಯಾರನ್ನಿಗೆ ಗಾಡಿಯಲ್ಲಿ ಕಳಿಸಿದೆವು. ಸಂಜೆಗೆ ಬೆಂಕಿ ಕೊಟ್ಟೆವು. ಮನೆಗೆ ಬಂದು ಹದಿನೇಳನ್ನು ಹೊಡೆದುಹಾಕಿ ಹದಿನಾರೂವರೆ ಎಂದು ಬರೆದೆ.

ನನ್ನ ಎಡತೊಡೆ ಇವತ್ತಿಗೂ ಹದಿನೇಳು ಮುಟ್ಟಿಲ್ಲ. ನಡೆಯುತ್ತೇನೆ, ಸೈಕಲ್ ತುಳಿಯುತ್ತೇನೆ. ಆಡುವುದಿಲ್ಲ, ತುದಿಗೆ ಹತ್ತುವುದಿಲ್ಲ. ಅಪ್ಪನೂ ಹತ್ತುವುದಿಲ್ಲ. ಅದಾದ ಮೇಲೆ ಆ ವರ್ಷ ಬ್ಯಾರನ್ ಇನ್ನೂ ಆರು ಸಲ ತುಂಬಿದೆವು. ಆರು ಸಲವೂ ಮೇಲಿನ ಎರಡು ಸಾಲಿನಲ್ಲಿ ಬರಿಯ ಅಡ್ಡಮರಗಳಿದ್ದವು. ಬಾಗಿಲು ಮುಚ್ಚುವ ಮೊದಲು ಅಪ್ಪ, ನಾನು ಇಬ್ಬರೂ ತಲೆಯೆತ್ತಿ ಆ ಕತ್ತಲನ್ನು ನೋಡುತ್ತಿದ್ದೆವು. ಆರು ಸಲವೂ ಯಾರೂ ಬೀಳಲಿಲ್ಲ.